ಅಣ್ಣಾಚಿಗೊಂದು ಬೈರಾಸು

ಹಡಗಿನಿಂದ ಇಳಿಯುವಾಗ ಬಾಗಿಲ ಬಳಿ ಇಟ್ಟ ಯಂತ್ರಕ್ಕೆ ನಮ್ಮ ಕೋಣೆಯ ಕಾರ್ಡನ್ನು ತೋರಿಸಬೇಕು. ಟಿಣ್ ಎಂದು ಸದ್ದಾಗುತ್ತದೆ, ಪರದೆಯ ಮೇಲೆ ನಮ್ಮ ಮುಖ ಮೂಡುತ್ತದೆ. ಆ ಸದ್ದು ನನಗೆ ಹೊಸದಲ್ಲ. ಏಳು ವರ್ಷ, ಬೇರೆ ಹಡಗಿನಲ್ಲಿ, ಬೇರೆ ಬಾಗಿಲಲ್ಲಿ, ಸಿಬ್ಬಂದಿಯ ಕಾರ್ಡು ಹಿಡಿದು ಅದೇ ಸದ್ದು ಕೇಳಿದವನು ನಾನು. ಆದರೆ ಕಳೆದ ಡಿಸೆಂಬರಿನ ಆ ಬೆಳಿಗ್ಗೆ ನನ್ನ ಹಿಂದೆ ಅಪ್ಪಯ್ಯ ನಿಂತಿದ್ದರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹೆಗಲಿಗೆ ಬಟ್ಟೆಯ ಚೀಲ. ಅವರ ಕಾರ್ಡಿಗೂ ಟಿಣ್ ಎಂದಿತು. ಪರದೆಯಲ್ಲಿ ತಮ್ಮ ಮುಖ ನೋಡಿ, ಹಾಜರಿ ಕರೆದಾಗ ಮಕ್ಕಳು ಎದ್ದು ನಿಲ್ಲುವ ಹಾಗೆ, "ಬಂದೆ" ಎಂದರು.

ಸಿಂಗಪುರದಿಂದ ಹೊರಟ ಹಡಗು ಪೆನಾಂಗ್ ದ್ವೀಪದ ಜಾರ್ಜ್‌ಟೌನ್ ಬಂದರಿಗೆ ಒಂಬತ್ತು ಗಂಟೆಗೆ ಮುಟ್ಟಿತ್ತು. ನಾಲ್ಕೂವರೆಗೆ ಎಲ್ಲರೂ ಹಡಗಿನೊಳಗೆ ಇರಬೇಕು. ಅಮ್ಮ, ನನ್ನ ಹೆಂಡತಿ, ಮಗಳು ಮೂವರೂ ಬೆಟ್ಟದ ರೈಲು ನೋಡುವ ಬಸ್ಸು ಹತ್ತಿದ್ದರು. ಅಪ್ಪಯ್ಯನಿಗೂ ಟಿಕೆಟ್ ತೆಗೆಸುತ್ತೇನೆ ಎಂದರೆ ಕೇಳಲಿಲ್ಲ.

"ಬಸ್ಸೆಂತಕ್ಕೆ? ನಡ್ಕಂಡೇ ಹೋಪ. ನಿಂಗೆ ಊರೆಲ್ಲ ಗೊತ್ತಿತ್ತಲ್ದಾ?"

ಇದೇ ಮಾತಿಗೆ ನಾನು ಮೂರು ತಿಂಗಳಿಂದ ಹೆದರಿದ್ದೆ. ಲೆಕ್ಕ ಹಾಕಿದರೆ ಪೆನಾಂಗ್ ಬಂದರಿಗೆ ನಾನು ಎಪ್ಪತ್ತು ಸಲವಾದರೂ ಬಂದಿದ್ದೇನೆ. ಜಾರ್ಜ್‌ಟೌನನ್ನು ಒಂದು ಸಲವೂ ನೋಡಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2009ರಲ್ಲಿ ನಾನು ಹಡಗಿಗೆ ಸೇರಿದ್ದು ಅಡುಗೆಮನೆಯ ಪಾತ್ರೆ ತೊಳೆಯುವ ಕೆಲಸಕ್ಕೆ. ಊರಿನಲ್ಲಿ ಮಾತ್ರ "ಹಡಗಿನ ಹೋಟೆಲ್ ವಿಭಾಗ" ಎಂದು ಹೇಳಿದ್ದೆ. ಎರಡನೇ ಒಪ್ಪಂದದಲ್ಲಿ ಊಟದ ಹಾಲ್‌ಗೆ ಸಹಾಯಕ ವೇಟರ್ ಆಗಿ ಬಡ್ತಿ ಸಿಕ್ಕಿತು. ಒಂದು ಒಪ್ಪಂದ ಎಂದರೆ ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಭಾನುವಾರ ಎಂಬುದಿಲ್ಲ. ದಿನಕ್ಕೆ ಹತ್ತು ಹನ್ನೊಂದು ಗಂಟೆ ಕೆಲಸ, ಅದೂ ಮೂರು ತುಂಡಾಗಿ. ಹಡಗು ಬಂದರಿನಲ್ಲಿ ನಿಂತ ದಿನವೂ ಸಿಬ್ಬಂದಿಯ ಒಂದು ಪಾಲು ಒಳಗೇ ಇರಬೇಕು, ಬೆಂಕಿಯೋ ಮತ್ತೊಂದೋ ಆದರೆ ಕೈಗಳು ಬೇಕಲ್ಲ. ಆ ಪಾಳಿ ಇಲ್ಲದ ದಿನ ಮಧ್ಯಾಹ್ನದ ಊಟ ಮುಗಿದು ರಾತ್ರಿಯ ಊಟಕ್ಕೆ ಮೇಜು ಜೋಡಿಸುವ ನಡುವೆ ಒಂದೂವರೆ ಗಂಟೆ ಸಿಕ್ಕರೆ ಪುಣ್ಯ. ಅಷ್ಟರಲ್ಲಿ ನಾವು ಬಂದರಿನ ಗೇಟು ದಾಟಿ, ಪುಕ್ಕಟೆ ವೈಫೈ ಸಿಗುವ ಗೋಡೆಯೊಂದಿತ್ತು, ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಫಿಲಿಪ್ಪೀನ್ಸ್‌ನವರು, ಇಂಡೋನೇಷ್ಯಾದವರು, ಗೋವಾದವರು, ನಮ್ಮ ಮಂಗಳೂರು ಕಡೆಯವರು. ಎಲ್ಲರ ಕೈಯಲ್ಲೂ ಫೋನು. ಅಲ್ಲಿಂದ ಕಾಣುತ್ತಿದ್ದದ್ದು ಒಂದು ಗಡಿಯಾರದ ಗೋಪುರ, ಅಷ್ಟೇ. ನಾನು ಕಂಡ ಪೆನಾಂಗ್ ಅದು.

ಅಪ್ಪಯ್ಯ ಕುಂದಾಪುರದ ಒಳಗಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವರು. ಮಕ್ಕಳಿಗೆ ಭೂಪಟದಲ್ಲಿ ಸಮುದ್ರಗಳನ್ನು ತೋರಿಸಿದ್ದೇ ತೋರಿಸಿದ್ದು, ತಾವು ಮಾತ್ರ ಶಾಲೆಯ ಪ್ರವಾಸಕ್ಕೆ ಶ್ರೀರಂಗಪಟ್ಟಣ, ಬೇಲೂರಿನ ಆಚೆ ಹೋದವರಲ್ಲ. ನನ್ನ ಹಡಗಿನ ತರಬೇತಿಗೆ, ಏಜೆಂಟರಿಗೆ ಎಂದು ಅಮ್ಮನ ಬಳೆ ಸೊಸೈಟಿಯಲ್ಲಿ ಅಡ ಇಟ್ಟಿದ್ದರು. ಫೋನು ಮಾಡಿದಾಗ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಇವತ್ತ್ ಯಾವ ಊರು ಮಗಾ?" ಆ ಕಡೆಯಿಂದ ಅಟ್ಲಾಸಿನ ಹಾಳೆ ಮಗುಚುವ ಸದ್ದು ಕೇಳುತ್ತಿತ್ತು. ಊರಿನ ಹೆಸರಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಡೈರಿ ತೆರೆದು, "ಹೇಳ್" ಎನ್ನುತ್ತಿದ್ದರು.

ಏನು ಹೇಳುವುದು? ಇವತ್ತು ಎರಡು ಸಾವಿರ ತಟ್ಟೆ ತೊಳೆದೆ ಎಂದೇ? ಪ್ರಯಾಣಿಕರಿಗೆ ಹಂಚುವ ಕರಪತ್ರ ನಮಗೂ ಸಿಗುತ್ತಿತ್ತು. ಅದನ್ನು ನೋಡಿ ಹೇಳತೊಡಗಿದೆ. ಕೋಟೆಗೆ ಹೋಗಿದ್ದೆ, ಫಿರಂಗಿ ನೋಡಿದೆ, ಬೆಟ್ಟದ ರೈಲು ಹತ್ತಿದೆ. ಸುಳ್ಳು ಒಮ್ಮೆ ಶುರುವಾದರೆ ಅದಕ್ಕೆ ಜನರೂ ಬೇಕಾಗುತ್ತಾರೆ. ಹೀಗೆ ಹುಟ್ಟಿದವನು ಅಣ್ಣಾಚಿ. ಗಡಿಯಾರ ಗೋಪುರದ ಬುಡದಲ್ಲಿ ಚಹಾ ಮಾರುವ ಮುದುಕ. ತಮಿಳಿನವನು, ಅವನ ಅಜ್ಜ ಬಂದರಿನ ಹಮಾಲಿಗೆಂದು ಬಂದದ್ದು. ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಒಂದು ಮೊಳ ಎತ್ತರದಿಂದ ಹೊಯ್ಯುತ್ತಾನೆ. ನನ್ನನ್ನು ತಂಬಿ ಎನ್ನುತ್ತಾನೆ. ಅಪ್ಪಯ್ಯನಿಗೆ ಅವನು ಎಷ್ಟು ಹಿಡಿಸಿದನೆಂದರೆ, ಮುಂದಿನ ಸಲ ಫೋನು ಮಾಡಿದಾಗ ಊರಿನ ಹೆಸರು ಕೇಳುವ ಮೊದಲು, "ಅಣ್ಣಾಚಿ ಹ್ಯಾಂಗಿದ್ರು?" ಎಂದು ಕೇಳಿದರು.

ಆಮೇಲೆ ನನಗೆ ಹೇಳಲಾಗದ್ದನ್ನೆಲ್ಲ ಅಣ್ಣಾಚಿ ಹೇಳತೊಡಗಿದ. ಮದುವೆಗೆ ಅವಸರ ಮಾಡಬೇಡಿ ಎಂದದ್ದು ಅವನು. ಜಮೀನಿನ ಜಗಳದಲ್ಲಿ ಚಿಕ್ಕಪ್ಪನಿಗೆ ಬಿಟ್ಟುಕೊಡಿ ಎಂದದ್ದೂ ಅವನೇ. ಕೊನೆಗೆ 2016ರಲ್ಲಿ ಒಂದು ದಿನ ಆ ಗೋಡೆಗೆ ಒರಗಿಕೊಂಡು ಹೇಳಿದೆ: "ಅಪ್ಪಯ್ಯ, ಅಣ್ಣಾಚಿ ಹೇಳ್ತಾರೆ, ಏಳು ವರ್ಷ ಸಾಕು, ಅಪ್ಪ ಅಮ್ಮನಿಗೆ ವಯಸ್ಸಾಯಿತು, ಊರಿಗೆ ಹೋಗು ಅಂತ." ಆ ಕಡೆ ಸ್ವಲ್ಪ ಹೊತ್ತು ಮೌನ. ನಂತರ, "ಆ ಜನ ಹೇಳಿದ್ದ್ ಸರಿ. ಬಾ" ಎಂದರು. ನಾನು ಬಂದೆ. ಈಗ ಮಂಗಳೂರಿನ ಕಾಲೇಜೊಂದರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ.

ಗೇಟು ದಾಟಿ ರಸ್ತೆಗೆ ಬಂದೊಡನೆ ಗೋಪುರ ಎದುರಿಗೇ ಇತ್ತು. ಅಪ್ಪಯ್ಯ ನನಗಿಂತ ಮುಂದೆ ನಡೆದರು. ಎಪ್ಪತ್ಮೂರು ವರ್ಷದವರು, ಗದ್ದೆಯ ಅಂಚಿನ ಮೇಲೆ ನಡೆದ ಕಾಲು, ವೇಗಕ್ಕೇನೂ ಕಡಿಮೆಯಿಲ್ಲ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ 1897ರ ನೆನಪಿಗೆ ಕಟ್ಟಿಸಿದ್ದದು. ವರ್ಷಕ್ಕೊಂದು ಅಡಿಯಂತೆ 60 ಅಡಿ ಎತ್ತರ. ಎರಡನೇ ಮಹಾಯುದ್ಧದ ಬಾಂಬಿನ ಪೆಟ್ಟಿಗೆ ಸ್ವಲ್ಪ ವಾಲಿದೆ ಎನ್ನುತ್ತಾರೆ. ಅಪ್ಪಯ್ಯ ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿದು, "ಹೌದ್, ವಾಲಿತ್" ಎಂದರು. ಆಮೇಲೆ ಗೋಪುರಕ್ಕೆ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು.

"ಅವ್ರ್ ಕೂಕಂತಿದ್ದದ್ ಯಾವ ಬದಿ?"

ನಾನು ಏನೋ ಒಂದು ಬದಿ ತೋರಿಸಿದೆ. ಅಲ್ಲಿ ಯಾರೂ ಇರಲಿಲ್ಲ. ಕಾರುಗಳು ಸುತ್ತು ಹೊಡೆದು ಹೋಗುತ್ತಿದ್ದವು. ಅಪ್ಪಯ್ಯ ಚೀಲದ ಬಾಯಿ ತೆರೆದು ತೋರಿಸಿದರು. ಒಳಗೆ ಡೈರಿಗಳ ನಡುವೆ ಹೊಸದೊಂದು ಬಿಳಿ ಬೈರಾಸು, ಕೆಂಪು ಅಂಚಿನದ್ದು, ಅಂಗಡಿಯ ಚೀಟಿ ಸಮೇತ.

"ಬರಿಗೈಲಿ ಕಾಂಬುದ್ ಹ್ಯಾಂಗೆ? ಅದ್ಕೆ ತಂದೆ. ಅವ್ರ್ ಹೇಳ್ದಿದ್ರೆ ನೀ ಬತ್ತಿರ್ಲಿಲ್ಲ."

ಅಲ್ಲೇ ಹೇಳಿಬಿಡಬೇಕಿತ್ತು. "ಈಗ ವ್ಯಾಪಾರ ಬಿಟ್ಟಿರಬಹುದು, ತುಂಬ ವರ್ಷ ಆಯ್ತಲ್ಲ" ಎಂದುಬಿಟ್ಟೆ.

ಗೋಪುರದ ಪಕ್ಕದಲ್ಲೇ ಕೋಟೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಇಲ್ಲಿ ಇಳಿದಾಗ ಇದು ತಾಳೆ ಜಾತಿಯ ಮರದ ಕಾಂಡಗಳನ್ನು ಹೂಳಿ ಮಾಡಿದ ಬೇಲಿ ಮಾತ್ರ, ಇಟ್ಟಿಗೆಯ ಗೋಡೆ ಬಂದದ್ದು ಆಮೇಲೆ. ಕಾಡು ಕಡಿಯಲು ಕೂಲಿಗಳು ಹಿಂದೇಟು ಹಾಕಿದಾಗ ಲೈಟ್ ಫಿರಂಗಿಯಲ್ಲಿ ಬೆಳ್ಳಿ ನಾಣ್ಯ ತುಂಬಿ ಕಾಡಿನೊಳಕ್ಕೆ ಹಾರಿಸಿದನೆಂದೂ, ನಾಣ್ಯ ಹುಡುಕುತ್ತ ಅವರು ಕಾಡು ಕಡಿದರೆಂದೂ ಒಂದು ಕತೆಯಿದೆ. ಅಪ್ಪಯ್ಯನ ಡೈರಿಯಲ್ಲಿ ಈ ಕತೆ ಇತ್ತು. ನಾನೇ ಕರಪತ್ರದಿಂದ ಓದಿ ಹೇಳಿದ್ದು. ಆದರೆ ಬಾಗಿಲ ಮೇಲಿನ ಹೆಸರು ಓದಿ ಅವರು ನಿಂತೇಬಿಟ್ಟರು.

"ಕಾರ್ನ್‌ವಾಲಿಸ್! ಇವ ನಮ್ಮವನೇ ಅಲ್ದಾ?"

ನಮ್ಮವನು ಎಂದರೆ ನಮ್ಮ ಪಾಠದವನು. 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳುಗಳಾಗಿಯೂ ಪಡೆದ ಗವರ್ನರ್ ಜನರಲ್. ಅವನ ಹೆಸರೇ ಈ ಕೋಟೆಗೆ. ಮೂವತ್ತೈದು ವರ್ಷ ಈ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದ ಮನುಷ್ಯ ಈಗ ಅದನ್ನು ಸಮುದ್ರದಾಚೆಯ ಒಂದು ಬಾಗಿಲ ಮೇಲೆ ನೋಡುತ್ತಿದ್ದರು. "ನೀ ಇದ್ನ್ ಹೇಳೇ ಇಲ್ಲ" ಎಂದರು. ಆಕ್ಷೇಪಣೆಯಲ್ಲ, ಆಶ್ಚರ್ಯ ಅಷ್ಟೇ. ಕೋಟೆಗೆ ಹೋಗಿದ್ದೆ ಎಂದು ನಾಲ್ಕು ಸಲ ಹೇಳಿದವನು ಬಾಗಿಲ ಮೇಲಿನ ಹೆಸರನ್ನು ಹೇಳಿರಲಿಲ್ಲ. ಕರಪತ್ರದಲ್ಲಿ ಆ ಹೆಸರು ಖಂಡಿತ ಇದ್ದಿರಬೇಕು. ಕಣ್ಣಿನಿಂದ ನೋಡದವನಿಗೆ ಯಾವುದು ಹೇಳಬೇಕಾದ್ದು ಎಂದು ತಿಳಿದಿರಲಿಲ್ಲ.

ಒಳಗೆ ಲೈಟ್‌ನ ಕಂಚಿನ ಪ್ರತಿಮೆಯಿದೆ. 1936ರಲ್ಲಿ, ಅವನು ಬಂದು 150 ವರ್ಷವಾದಾಗ ಮಾಡಿಸಿದ್ದು. ಆದರೆ ಅವನ ಚಿತ್ರ ಎಲ್ಲಿಯೂ ಸಿಗಲಿಲ್ಲವಂತೆ. ಹಾಗಾಗಿ ಮಗ ವಿಲಿಯಂನ ಮುಖವನ್ನು ನೋಡಿ ಅಪ್ಪನ ಪ್ರತಿಮೆ ಮಾಡಿದರು ಎನ್ನುತ್ತಾರೆ. ಆ ಮಗ ಆಸ್ಟ್ರೇಲಿಯಾದ ಅಡಿಲೇಡ್ ನಗರದ ನಕ್ಷೆ ಹಾಕಿದವನು. ಇದನ್ನು ಹೇಳಿದಾಗ ಅಪ್ಪಯ್ಯ ಪ್ರತಿಮೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ನಕ್ಕರು. ಸಮುದ್ರದ ಕಡೆಗೆ ಮುಖ ಮಾಡಿದ ಹಳೆಯ ಡಚ್ಚರ ಫಿರಂಗಿ, ಸೆರಿ ರಂಬಾಯ್ ಎಂದು ಅದರ ಹೆಸರು, 1603ನೇ ಇಸವಿ ಅದರ ಮೈಮೇಲಿದೆ. ಮಕ್ಕಳಾಗದ ಹೆಂಗಸರು ಅದರ ಬಾಯಿಗೆ ಹೂವಿಡುತ್ತಿದ್ದರಂತೆ. ಅಪ್ಪಯ್ಯ ಡೈರಿ ತೆರೆದು ತಾಳೆ ನೋಡಿ, ಪಕ್ಕದಲ್ಲಿ ಸರಿ ಗುರುತು ಹಾಕಿದರು. ನನ್ನ ಕಾಪಿಯನ್ನು ತಿದ್ದುತ್ತಿದ್ದರು. ಎಲ್ಲಿ ತಪ್ಪು ಸಿಗುವುದೋ ಎಂದು ಕಾಯುತ್ತ ನಾನು ಪಕ್ಕದಲ್ಲಿ ನಿಂತಿದ್ದೆ.

ಕೋಟೆಯಿಂದ ಹೊರಬಿದ್ದು ಸೇಂಟ್ ಜಾರ್ಜ್ ಇಗರ್ಜಿಯ ಕಡೆಗೆ ನಡೆದೆವು. 1818ರಲ್ಲಿ ಕಟ್ಟಿದ್ದು, ಎದುರಿಗೆ ದೊಡ್ಡ ಬಿಳಿಯ ಕಂಬಗಳು. ಅದನ್ನು ಕಟ್ಟಿದ ಕೈಗಳು ಹಿಂದೂಸ್ತಾನದಿಂದ ಗಡಿಪಾರಾಗಿ ಬಂದ ಕೈದಿಗಳದ್ದು. ಹದಿನೆಂಟನೇ ಶತಮಾನದ ಕೊನೆಯಿಂದಲೇ ಕಂಪನಿ ತನ್ನ ಕೈದಿಗಳನ್ನು ಈ ದ್ವೀಪಕ್ಕೆ ಸಾಗಿಸುತ್ತಿತ್ತು, ರಸ್ತೆ, ಸೇತುವೆ, ಕಟ್ಟಡ ಎಲ್ಲಕ್ಕೂ ಅವರದೇ ದುಡಿಮೆ. ಅಪ್ಪಯ್ಯ ಕಂಬಕ್ಕೆ ಅಂಗೈ ಇಟ್ಟು ನಿಂತರು. "ಇವ್ರೂ ಮನಿಗೆ ಕಾಗ್ದ ಬರ್ದಿರ್ತ್ರಾ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಅಲ್ಲಿಂದ ಮುಂದಿನ ಬೀದಿ ಪೆನಾಂಗಿನ ಹೆಮ್ಮೆ. ಇಗರ್ಜಿಯಿಂದ ಸ್ವಲ್ಪ ದೂರಕ್ಕೆ ಚೀನೀಯರ ಕರುಣೆಯ ದೇವಿಯ ಗುಡಿ, ಒಳಗೆ ಊದುಬತ್ತಿಯ ಹೊಗೆ ಕಣ್ಣು ಉರಿಸುವಷ್ಟು. ಅದರಾಚೆ ಮಾರಿಯಮ್ಮನ ದೇವಸ್ಥಾನ, 1833ರದ್ದು, ಬಾಗಿಲು ಹಿಂದಿನ ರಾಣಿ ಬೀದಿಗೆ. ಇನ್ನೂ ಮುಂದೆ ಹೋದರೆ ಕಪಿತಾನ್ ಕೆಲಿಂಗ್ ಮಸೀದಿ, 1801ರಲ್ಲಿ ದಕ್ಷಿಣ ಭಾರತದ ಮುಸ್ಲಿಂ ವ್ಯಾಪಾರಿಗಳು ಆರಂಭಿಸಿದ್ದು. ಕೆಲಿಂಗ್ ಎಂದರೆ ಕಳಿಂಗ, ನಮ್ಮ ಕಡೆಯಿಂದ ಬಂದವರಿಗೆಲ್ಲ ಇಲ್ಲಿಯವರು ಇಟ್ಟ ಹೆಸರು. ನಾಲ್ಕೂ ಗುಡಿಗಳು ಒಂದೇ ಬೀದಿಯಲ್ಲಿ, ಕಾಲುನಡಿಗೆಗೆ ಹತ್ತು ನಿಮಿಷ. 2008ರಲ್ಲಿ ಯುನೆಸ್ಕೊ ಮಲಕ್ಕಾದ ಜೊತೆಗೆ ಈ ಊರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಮರುವರ್ಷ ನಾನು ಹಡಗಿಗೆ ಸೇರಿದ್ದು. ಈ ಬೀದಿ ನನ್ನ ಗೋಡೆಯಿಂದ ಹೆಚ್ಚೆಂದರೆ ಹದಿನೈದು ನಿಮಿಷದ ದೂರ ಎಂಬುದು ಆ ದಿನ ಗೊತ್ತಾಯಿತು. ಒಂದು ಸಲವಾದರೂ ಬರಬಹುದಿತ್ತು. ಬರಲಿಲ್ಲ ಏಕೆ ಎಂದರೆ, ಆ ಒಂದೂವರೆ ಗಂಟೆಯಲ್ಲಿ ನನಗೆ ಬೇಕಿದ್ದದ್ದು ಹೊಸ ಊರಲ್ಲ, ಅಟ್ಲಾಸಿನ ಹಾಳೆಯ ಸದ್ದು.

ಹಸಿವಾಗಿತ್ತು. ಮಲ್ಲಿಗೆ ಹಾರ, ಬಾಳೆ ಎಲೆ, ಸ್ಪೀಕರಿನ ತಮಿಳು ಹಾಡು ತುಂಬಿದ ಲಿಟ್ಲ್ ಇಂಡಿಯಾದ ಓಣಿಗಳಲ್ಲಿ ಒಂದು ನಾಸಿ ಕಂದರ್ ಅಂಗಡಿಗೆ ಹೋದೆವು. ನಾಸಿ ಎಂದರೆ ಅನ್ನ, ಕಂದರ್ ಎಂದರೆ ಹೆಗಲ ಮೇಲಿನ ಅಡ್ಡೆ. ಹಿಂದೆ ತಮಿಳು ಮುಸ್ಲಿಮರು ಅಡ್ಡೆಯ ಒಂದು ಕಡೆ ಅನ್ನ, ಇನ್ನೊಂದು ಕಡೆ ಸಾರು ಹೊತ್ತು ಬಂದರಿನ ಕೂಲಿಗಳಿಗೆ ಮಾರುತ್ತಿದ್ದ ಊಟ. ಅಪ್ಪಯ್ಯ ಮೀನಿನ ಸಾರನ್ನು ಮೂಸಿ ನೋಡಿ, "ಕೊತ್ತಂಬರಿ ಹುರ್ದದ್ ಸಾಲ" ಎಂದು ತೀರ್ಪು ಕೊಟ್ಟು, ಎರಡನೇ ಸಲ ಹಾಕಿಸಿಕೊಂಡರು. ದ್ವೀಪದ ಹೆಸರಿನ ಪಿನಾಂಗ್ ಎಂದರೆ ಮಲಯ ಭಾಷೆಯಲ್ಲಿ ಅಡಿಕೆ ಎಂದಾಗ ಮಾತ್ರ ತುತ್ತು ಅರ್ಧಕ್ಕೇ ನಿಂತಿತು. ಅವರ ಬಾವುಟದಲ್ಲಿರುವುದೂ ಅಡಿಕೆ ಮರವೇ. "ಅಡ್ಕಿ ಊರಾ ಇದ್! ಅಣ್ಣಾಚಿ ಇದೊಂದ್ ಹೇಳ್ಲಿಲ್ಲ ಕಾಣ್."

ಕೈ ತೊಳೆದು ಬಂದವರೇ ಗಲ್ಲಾದಲ್ಲಿ ಕುಳಿತ ಹಿರಿಯರ ಮುಂದೆ ನಿಂತರು.

"ಕೇಳ್ ಮಗಾ ಇವ್ರ್ ಹತ್ರ. ಗಡಿಯಾರದ ಬುಡದಲ್ಲಿ ಚಾ ಮಾರ್ತಿದ್ದವ್ರ್ ಗೊತ್ತಿತ್ತಾ ಅಂತ."

ಹಡಗಿನ ಅಡುಗೆಮನೆಯಲ್ಲಿ ಕಲಿತ ತಮಿಳು ನನಗೆ ಬರುತ್ತದೆಂದು ಅಪ್ಪಯ್ಯನಿಗೆ ಗೊತ್ತು. ನನ್ನ ಸುಳ್ಳಿನ ವಿಳಾಸವನ್ನು ನಾನೇ ಇನ್ನೊಂದು ಭಾಷೆಯಲ್ಲಿ ವಿಚಾರಿಸಿದೆ. ಆ ಹಿರಿಯರು ಕನ್ನಡಕ ತೆಗೆದು ಒರೆಸಿ, ಯೋಚಿಸಿ, ಅಪ್ಪಯ್ಯನ ಮುಖವನ್ನೂ ಕೈಯಲ್ಲಿದ್ದ ಬೈರಾಸನ್ನೂ ನೋಡಿ, "ಆಮಾ, ಆಮಾ. ಒರು ಪೆರಿಯವರ್ ಇರುಂದಾರು. ಊರುಕ್ಕು ಪೋಯಿಟ್ಟಾರು" ಎಂದರು.

ಇದನ್ನು ಕನ್ನಡಕ್ಕೆ ತರುವ ಅಗತ್ಯ ಬೀಳಲಿಲ್ಲ. ಅಪ್ಪಯ್ಯನ ಮುಖ ಅರಳಿತು. "ಕಂಡ್ಯಾ, ಊರಿಗೆ ಹೋಯ್ರಂಬ್ರ್. ಒಳ್ಳೇದಾಯ್ತ್. ಕಡೀಗಾಲಕ್ಕೆ ಊರ್ ಸೇರ್ಕ್." ಬೈರಾಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆ ಹಿರಿಯರು ಯಾರನ್ನು ನೆನೆದು ಹೇಳಿದರೋ, ಅಥವಾ ಮುದುಕನೊಬ್ಬನ ಮನಸ್ಸು ನೋಯಿಸಬಾರದೆಂದು ಹೇಳಿದರೋ, ತಿಳಿಯದು. ನನ್ನ ಸುಳ್ಳಿಗೆ ಈಗ ಸಾಕ್ಷಿಯೂ ಸಿಕ್ಕಿತ್ತು. ಸುಮ್ಮನಿದ್ದರೆ ಅಣ್ಣಾಚಿ ಸುಖವಾಗಿ ಊರು ಸೇರುತ್ತಿದ್ದ. ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಅರ್ಮೇನಿಯನ್ ಬೀದಿಯಲ್ಲಿ ಗೋಡೆಯ ಮೇಲೆ ಬರೆದ ಇಬ್ಬರು ಮಕ್ಕಳ ಚಿತ್ರ, ಅದಕ್ಕೆ ಒರಗಿಸಿದ ನಿಜವಾದ ಸೈಕಲ್ಲು. ಫೋಟೊ ತೆಗೆಸಿಕೊಳ್ಳಲು ಉದ್ದದ ಸಾಲು. ನಾವು ಸಾಲಿನಲ್ಲಿ ನಿಲ್ಲದೆ ಸಮುದ್ರದ ಕಡೆ ತಿರುಗಿದೆವು. ಅಲ್ಲಿ ಚೀನೀಯರ ಮನೆತನಗಳ ಜೆಟ್ಟಿಗಳಿವೆ. ಒಂದೊಂದು ಮನೆತನಕ್ಕೆ ಒಂದೊಂದು, ನೀರಿನೊಳಗೆ ಕಂಬ ನೆಟ್ಟು ಅದರ ಮೇಲೆ ಮರದ ಮನೆಗಳು. ಹತ್ತೊಂಬತ್ತನೇ ಶತಮಾನದಲ್ಲಿ ಚೀನಾದಿಂದ ಬಂದು ಈ ಬಂದರಿನಲ್ಲಿ ಸರಕು ಹೇರಿ ಇಳಿಸುತ್ತ, ದೋಣಿ ನಡೆಸುತ್ತ, ಮೀನು ಹಿಡಿಯುತ್ತ ಬದುಕಿದವರ ವಸತಿ. ನಾವು ಹೋದದ್ದು ಎಲ್ಲಕ್ಕಿಂತ ದೊಡ್ಡದಾದ ಚ್ಯೂ ಜೆಟ್ಟಿಗೆ. ಹಲಗೆಗಳ ಮೇಲೆ ಕಾಲಿಟ್ಟರೆ ದಬ್ ದಬ್ ಸದ್ದು. ಸಂದಿಯಲ್ಲಿ ಕೆಳಗಿನ ನೀರು ಕಾಣುತ್ತದೆ.

"ಸಂಕ!" ಎಂದರು ಅಪ್ಪಯ್ಯ. ಮಳೆಗಾಲದಲ್ಲಿ ಅವರ ಶಾಲೆಗೆ ಹೊಳೆಯ ಮೇಲಿನ ಸಂಕ ದಾಟಿಯೇ ಹೋಗಬೇಕಿತ್ತು. ಅವರು ಮೊದಲು ದಾಟಿ, ಆಚೆ ನಿಂತು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಿದ್ದರು. ನಾನೂ ಆ ಸಾಲಿನಲ್ಲಿದ್ದವನು.

ಜೆಟ್ಟಿಯ ತುದಿಗೆ ಹೋಗಿ ಕುಳಿತೆವು. ಮನೆಯೊಂದರ ಮುಂದೆ ಬಲೆ ಒಣಗುತ್ತಿತ್ತು. ಬಲಕ್ಕೆ ದೂರದಲ್ಲಿ ಸೇತುವೆ, ಎಡಕ್ಕೆ ನಮ್ಮ ಹಡಗು, ಊರಿನ ಕಟ್ಟಡಗಳಿಗಿಂತ ಎತ್ತರ.

"ಅಪ್ಪಯ್ಯ, ಅಣ್ಣಾಚಿ ಇಲ್ಲ."

"ಊರಿಗ್ ಹೋಯ್ರಂದ್ರಲ್ದಾ."

"ಅದಲ್ಲ. ಯಾವಾಗಲೂ ಇರಲಿಲ್ಲ. ನಾನು ಕಟ್ಟಿ ಹೇಳಿದ್ದು. ಕೋಟೆಗೂ ನಾನು ಹೋಗಿರಲಿಲ್ಲ. ಇವತ್ತೇ ಮೊದಲು."

ಅಪ್ಪಯ್ಯ ಬಲೆಯನ್ನು ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಕೇಳಿದರು, "ಹಾಂಗಾರೆ ಊರಿಗ್ ಬಾ ಅಂದದ್ದ್ ಯಾರ್?"

"ನಾನೇ."

"ನಿಂಗೇ ಬಪ್ಕೆ ಮನಸ್ಸಿತ್ತಾ?"

"ಎರಡನೇ ವರ್ಷದಿಂದಲೂ ಇತ್ತು. ಬಳೆ ಅಡ ಇಟ್ಟಿದ್ರಲ್ಲ ಅಂತ..."

"ಬಳಿ ಮೂರ್ನೇ ವರ್ಷವೇ ಬಿಡ್ಸಿ ಆಯ್ತಲೆ."

ಅದಕ್ಕೆ ಏನು ಹೇಳುವುದು? ಬಳೆ ಬಿಡಿಸಿದ ಮೇಲೂ ನಾಲ್ಕು ವರ್ಷ ಹೇಳಲಿಲ್ಲ. ಸಾಲ ತೀರಿದ ಮೇಲೂ ಅವರ ಪೆನ್ಸಿಲ್ಲಿನ ಸುತ್ತುಗಳು ಉಳಿದಿದ್ದವು. ಆ ಸಂತೋಷವನ್ನು ನಿಲ್ಲಿಸುವ ಧೈರ್ಯ ನನಗಿರಲಿಲ್ಲ.

ಅಪ್ಪಯ್ಯ ಎದ್ದರು. "ಏಳ್ ವರ್ಷ ನಾ ಮಾತಾಡಿದ್ದ್ ಅಣ್ಣಾಚಿ ಹತ್ರವಾ ಹಾಂಗಾರೆ?" ಎಂದರು. ದನಿ ಏರಿರಲಿಲ್ಲ. ಚೀಲ ಹೆಗಲಿಗೇರಿಸಿ ಹಲಗೆಗಳ ಮೇಲೆ ದಬ್ ದಬ್ ನಡೆದರು. ನಾನು ಹತ್ತು ಹೆಜ್ಜೆ ಹಿಂದೆ ಹೋದೆ. ಈ ಸಲ ಆಚೆ ನಿಂತು ಹೆಸರು ಹಿಡಿದು ಕರೆಯಲಿಲ್ಲ.

ವೆಲ್ಡ್ ಕ್ವೇ ಎಂಬ ಕಡಲ ಬದಿಯ ರಸ್ತೆಯಲ್ಲಿ ಹಡಗಿನ ಕಡೆಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಬಿಸಿಲು ಚುರುಗುಟ್ಟುತ್ತಿತ್ತು. ಎದುರಿನ ದಡದಿಂದ ಬಂದ ದೋಣಿಯ ಜನ ಇಳಿದು ಬಸ್ಸಿಗೆ ಓಡುತ್ತಿದ್ದರು. ಅರ್ಧ ದಾರಿಯಲ್ಲಿ ಅಪ್ಪಯ್ಯ ನೆರಳಿಗೆ ನಿಂತು, ನಾನು ಹತ್ತಿರ ಬಂದ ಮೇಲೆ, ಹಡಗಿನತ್ತ ಕೈ ತೋರಿಸಿದರು.

"ನೀ ಮಲ್ಕಂತಿದ್ದದ್ ಯಾವ ಕಿಟಕಿ?"

"ಕಿಟಕಿ ಇರಲಿಲ್ಲ ಅಪ್ಪಯ್ಯ. ಇನ್ನೂ ಕೆಳಗೆ. ನೀರಿನ ಗೆರೆಗಿಂತ ಕೆಳಗೆ."

"ಎಷ್ಟ್ ಜನ?"

"ಮೊದಲು ನಾಲ್ಕು, ಆಮೇಲೆ ಇಬ್ಬರು. ಒಂದರ ಮೇಲೊಂದು ಮಂಚ. ಪರದೆ ಎಳೆದರೆ ಅದೇ ಮನೆ."

"ಬೆಳಿಗ್ಗಿ ಆದದ್ದ್ ಗೊತ್ತಾಪುದ್ ಹ್ಯಾಂಗೆ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಲಾರಾಂನಿಂದ ಗೊತ್ತಾಗುತ್ತಿತ್ತು. ಕೆಳಗಿನ ಉದ್ದದ ಓಣಿಯಲ್ಲಿ ಗಾಡಿಗಳ ಸದ್ದಿನಿಂದ ಗೊತ್ತಾಗುತ್ತಿತ್ತು. ಆ ಓಣಿಗೆ ಅಮೆರಿಕದ ಒಂದು ಹೆದ್ದಾರಿಯ ಹೆಸರಿಟ್ಟಿದ್ದೆವು. ಹಡಗಿನ ಈ ತುದಿಯಿಂದ ಆ ತುದಿಗೆ ತರಕಾರಿ, ಹಾಸಿಗೆ ಬಟ್ಟೆ, ಕಸ, ಮನುಷ್ಯರು ಎಲ್ಲ ಸಾಗುವುದು ಅದರಲ್ಲೇ. ತಟ್ಟೆ ತೊಳೆಯುವ ಯಂತ್ರದ ಬಾಯಿಂದ ಬರುವ ಆವಿಗೆ ಮುಖದ ಚರ್ಮ ಒಣಗುತ್ತಿದ್ದದ್ದು, ಕೈಬೆರಳು ನೆರಿಗೆಗಟ್ಟಿ ಫೋನು ನನ್ನ ಹೆಬ್ಬೆರಳನ್ನು ಗುರುತಿಸದೆ ಇದ್ದದ್ದು, ಇಂಡೋನೇಷ್ಯಾದ ಜೊತೆಗಾರ ಮಗಳು ಹುಟ್ಟಿದ ಸುದ್ದಿ ಕೇಳಿ ಸೀದಾ ತಟ್ಟೆಗಳ ಕಡೆಗೆ ಹೋಗಿ ತೊಳೆಯುತ್ತಲೇ ಅತ್ತದ್ದು, ಎಲ್ಲವನ್ನೂ ಹೇಳಿದೆ. ಅಪ್ಪಯ್ಯ ನಡೆಯುತ್ತ ಕೇಳಿದರು. ನಡುನಡುವೆ ಪ್ರಶ್ನೆ. ಓಣಿ ಎಷ್ಟು ಉದ್ದ? ಉಪ್ಪಿನಕಾಯಿ ಸಿಗುತ್ತಿತ್ತಾ? ಜ್ವರ ಬಂದರೆ ಯಾರು ನೋಡುತ್ತಿದ್ದರು?

ಗೇಟಿನ ಹತ್ತಿರ ಬಂದಾಗ ಮೂರೂಕಾಲು. ಅಪ್ಪಯ್ಯ ನಿಂತರು.

"ನೀ ಕೂಕಂತಿದ್ದದ್ ಎಲ್ಲಿ? ಫೋನ್ ಮಾಡೂಕೆ?"

ಗೋಡೆ ಹಾಗೇ ಇತ್ತು, ಬಣ್ಣ ಮಾತ್ರ ಬೇರೆ. ಅದಕ್ಕೆ ಒರಗಿ ಏಳೆಂಟು ಜನ ಕುಳಿತಿದ್ದರು. ಯಾರ ಎದೆಯ ಮೇಲೂ ಹೆಸರಿನ ಫಲಕವಿರಲಿಲ್ಲ, ಆದರೂ ಕಪ್ಪು ಶೂಗಳಿಂದ ಅವರು ಯಾರೆಂದು ನನಗೆ ತಿಳಿಯಿತು. ಅಪ್ಪಯ್ಯ ಗೇಟಿನಿಂದ ಗೋಡೆಯವರೆಗೆ ಹೆಜ್ಜೆ ಎಣಿಸಿದರು. ಅರವತ್ನಾಲ್ಕು. ಚೀಲದಿಂದ ಬೈರಾಸು ತೆಗೆದು, ಚೀಟಿ ಹರಿದು ಜೇಬಿಗೆ ಹಾಕಿಕೊಂಡು, ಕಾದ ಸಿಮೆಂಟಿನ ಮೇಲೆ ಅದನ್ನು ಉದ್ದಕ್ಕೆ ಹಾಸಿ ಕುಳಿತರು. ಪಕ್ಕದಲ್ಲಿ ಕೈ ತಟ್ಟಿ, "ಕೂಕೋ" ಎಂದರು.

ಆ ಕಡೆಯ ತುದಿಯಲ್ಲಿ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗನೊಬ್ಬ ವಿಡಿಯೊ ಕರೆಯಲ್ಲಿದ್ದ. ಅವನ ಭಾಷೆ ನಮಗೆ ಅರ್ಥವಾಗಲಿಲ್ಲ. ಫೋನಿನಲ್ಲಿ ತಲೆ ನರೆತ ಹೆಂಗಸೊಬ್ಬರ ಮುಖ. ಅವನು ಎದ್ದು ನಿಂತು ಫೋನನ್ನು ಗಡಿಯಾರ ಗೋಪುರದತ್ತ ತಿರುಗಿಸಿ, ಕೈ ಬೀಸಿ ಬೀಸಿ ಏನೋ ವಿವರಿಸುತ್ತಿದ್ದ. ಎತ್ತರ ತೋರಿಸಿದ, ಆಚೆ ಕಡೆ ತೋರಿಸಿದ, ಆ ಬೀದಿಗಳಲ್ಲೆಲ್ಲ ಓಡಾಡಿ ಬಂದವನ ಹಾಗೆ ನಕ್ಕ. ಅಪ್ಪಯ್ಯ ಅವನನ್ನೇ ನೋಡುತ್ತಿದ್ದರು.

ಆಮೇಲೆ ಹೊಸ ಡೈರಿ ತೆರೆದರು. ತಾರೀಕು ಬರೆದು, ಅದರ ಕೆಳಗೆ 64 ಎಂದು ಬರೆದು, ಪೆನ್ನು ಹಿಡಿದು ನನ್ನತ್ತ ತಿರುಗಿದರು.

"ಹೇಳ್" ಎಂದರು.